ಗೆಡ್ಡೆಯ ಮದ್ಯವೋ, ಕಾಳಿನ ಮದ್ಯವೋ?

ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ಪೇಟೆಗೆ ಹೊರಟ ಗೃಹಿಣಿಗೆ ಆಲೂಗಡ್ಡೆಯನ್ನೂ ಗೋಧಿಯನ್ನೂ ಆರಿಸುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಹಸಿರು ತಿರುಗಿದ ಗೆಡ್ಡೆಯನ್ನು ಆಕೆ ನೋಟಮಾತ್ರದಿಂದಲೇ ಪಕ್ಕಕ್ಕೆ ಸರಿಸುತ್ತಾಳೆ. ಗೋಧಿಯನ್ನು ಅಂಗೈಯಲ್ಲಿ ಹರಡಿ ಹುಳು ಹಿಡಿದಿದೆಯೇ ಎಂದು ಪರೀಕ್ಷಿಸುತ್ತಾಳೆ. ಆದರೆ ಅವೇ ಎರಡು ಪದಾರ್ಥಗಳು ರೂಪ, ಬಣ್ಣ, ಗಂಧಗಳನ್ನೆಲ್ಲ ಕಳೆದುಕೊಂಡು, ಸೀಸೆಯೊಳಗೆ ನೀರಿನಂತೆ ನಿರ್ಮಲವಾಗಿ ನಿಂತು, ಮೇಲೆ ‘ವೋಡ್ಕಾ’ ಎಂಬ ಚೀಟಿಯನ್ನು ಅಂಟಿಸಿಕೊಂಡು ಬಂದರೆ ಆರಿಸುವ ಬಗೆ ಹೇಗೆ?

ಈ ಪ್ರಶ್ನೆ ಇಂದು ಅಪರೂಪದ್ದಲ್ಲ. ಪರದೇಶದಲ್ಲಿ ಉದ್ಯೋಗದಲ್ಲಿರುವ ಮೊಮ್ಮಗ ರಜೆಗೆ ಬರುವಾಗ ಎರಡು ಸೀಸೆಗಳನ್ನು ತಂದನೆಂದು ಇಟ್ಟುಕೊಳ್ಳಬಹುದು. ಒಂದು ಆಲೂಗಡ್ಡೆಯದು, ಮತ್ತೊಂದು ಗೋಧಿಯದು. “ಏನೋ ಇದು, ಪಲ್ಯದ ಗಡ್ಡೆಯಿಂದಲೂ ಸಾರಾಯಿಯೇ?” ಎಂದು ಅಜ್ಜಿ ಕೇಳಿಯಾಳು. “ಇದು ಸಾರಾಯಿಯಲ್ಲ ಅಜ್ಜಿ, ವೋಡ್ಕಾ” ಎಂದು ಮೊಮ್ಮಗ ಸಮಾಧಾನ ಹೇಳಿಯಾನು. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅಜ್ಜಿಯ ಮಾತೇ ಸತ್ಯಕ್ಕೆ ಹೆಚ್ಚು ಸಮೀಪ. ಭಟ್ಟಿ ಇಳಿಸಿದ ಮದ್ಯಗಳೆಲ್ಲವೂ ಒಂದೇ ಕುಲದವು. ಅವುಗಳಲ್ಲಿರುವ ಭೇದ ಮೂಲ ಪದಾರ್ಥದ್ದು ಮತ್ತು ಶುದ್ಧಿಯದು ಮಾತ್ರ.

ಮೂಲ ಪದಾರ್ಥವನ್ನು ಹಿಡಿದು ಮದ್ಯವನ್ನು ವಿಂಗಡಿಸುವ ಕ್ರಮ ನಮ್ಮವರಿಗೆ ಹೊಸದಲ್ಲ. ಮನುಸ್ಮೃತಿಯಲ್ಲಿಯೇ ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರು ಬಗೆಯಾಗಿ ಎಣಿಸಿ, ಮೂರನ್ನೂ ನಿಷೇಧಿಸಲಾಗಿದೆ. ಬೆಲ್ಲದಿಂದಾದದ್ದು ಗೌಡೀ; ಹಿಟ್ಟಿನಿಂದಾದದ್ದು ಪೈಷ್ಟೀ. ಆ ಲೆಕ್ಕದಲ್ಲಿ ಗೋಧಿಯ ವೋಡ್ಕಾ ಪೈಷ್ಟಿಯ ಸಂತತಿ. ಆಲೂಗಡ್ಡೆಗೆ ಮಾತ್ರ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಏಕೆಂದರೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಹುಟ್ಟಿದ ಆ ಗೆಡ್ಡೆ ಯೂರೋಪಿಗೆ ಬಂದದ್ದೇ 16ನೆಯ ಶತಮಾನದಲ್ಲಿ, ನಮ್ಮ ನಾಡಿಗೆ ಅದಕ್ಕೂ ಅನಂತರ. ಕರಾವಳಿಯವರು ಇಂದಿಗೂ ಅದನ್ನು ‘ಬಟಾಟೆ’ ಎಂದು ಪೋರ್ಚುಗೀಸರ ಹೆಸರಿನಿಂದಲೇ ಕರೆಯುತ್ತಾರೆ.

ವೋಡ್ಕಾ ಎಂದರೆ ಆಲೂಗಡ್ಡೆಯ ಮದ್ಯವೆಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ‘ವೊದಾ’ ಎಂದರೆ ಸ್ಲಾವ್ ಭಾಷೆಗಳಲ್ಲಿ ನೀರು. ಅದರ ಮುದ್ದಿನ ರೂಪವೇ ವೋಡ್ಕಾ. ರಷ್ಯಾ ಮತ್ತು ಪೋಲೆಂಡುಗಳಲ್ಲಿ ಅದನ್ನು ಮೊದಲಿಗೆ ರೈ ಎಂಬ ಧಾನ್ಯದಿಂದ, ಬಳಿಕ ಗೋಧಿಯಿಂದಲೂ ಇಳಿಸಿದರು. ಪ್ರಪಂಚದಲ್ಲಿ ಇಂದು ಮಾರಾಟವಾಗುವ ವೋಡ್ಕಾದಲ್ಲಿಯೂ ಹೆಚ್ಚಿನ ಪಾಲು ಧಾನ್ಯದ್ದೇ.

ಗೆಡ್ಡೆಯ ಮದ್ಯದ ಕಥೆಯಲ್ಲಿ ಸ್ಮರಿಸಬೇಕಾದವಳು ಒಬ್ಬ ಮಹಿಳೆ. ಸ್ವೀಡನ್ನಿನ ಈವಾ ಏಕೆಬ್ಲಾಡ್ ಎಂಬಾಕೆ ಆಲೂಗಡ್ಡೆಯಿಂದ ಹಿಟ್ಟನ್ನೂ ಮದ್ಯವನ್ನೂ ತೆಗೆಯುವ ಪ್ರಯೋಗಗಳನ್ನು ಮಾಡಿ, 1746ರಲ್ಲಿ ಅಲ್ಲಿನ ರಾಜವಿಜ್ಞಾನ ಅಕಾಡೆಮಿಗೆ ತಿಳಿಸಿದಳು. 1748ರಲ್ಲಿ ಆ ಅಕಾಡೆಮಿಗೆ ಚುನಾಯಿತಳಾದ ಪ್ರಥಮ ಸ್ತ್ರೀ ಎಂಬ ಗೌರವ ಆಕೆಗೆ ಸಂದಿತು. ಆಕೆಯ ಸಂಶೋಧನೆಯ ಬೆಲೆ ಮದ್ಯದಲ್ಲಿಲ್ಲ, ಅನ್ನದಲ್ಲಿದೆ. ಭಟ್ಟಿಯ ಬಾಯಿಗೆ ಹೋಗುತ್ತಿದ್ದ ಧಾನ್ಯ ಉಳಿದು ರೊಟ್ಟಿಯಾಗಲು ಅದು ದಾರಿ ಮಾಡಿಕೊಟ್ಟಿತು. ಗೆಡ್ಡೆಯೋ ಕಾಳೋ ಎಂಬ ಪ್ರಶ್ನೆ ಮೊಟ್ಟಮೊದಲು ರುಚಿಯ ಪ್ರಶ್ನೆಯಾಗಿರಲಿಲ್ಲ, ಹಸಿವಿನ ಪ್ರಶ್ನೆಯಾಗಿತ್ತು.

ಎರಡರಿಂದಲೂ ಮದ್ಯ ಇಳಿಯುವ ವಿಧಾನ ಒಂದೇ. ಹುದುಗು ಪಿಷ್ಟವನ್ನು ನೇರವಾಗಿ ಮದ್ಯಸಾರವನ್ನಾಗಿ ಮಾಡಲಾರದು; ಅದಕ್ಕೆ ಸಕ್ಕರೆ ಬೇಕು. ಆದುದರಿಂದ ಮೂಲ ಪದಾರ್ಥವನ್ನು ಬೇಯಿಸಿ, ಮೊಳಕೆ ಬಂದ ಬಾರ್ಲಿಯನ್ನೋ ಕಿಣ್ವವನ್ನೋ ಸೇರಿಸಿ ಪಿಷ್ಟವನ್ನು ಸಕ್ಕರೆಯಾಗಿಸುತ್ತಾರೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನ ಗಂಜಿ ಬಾಯಿಗೆ ಸಿಹಿಯಾಗುವುದು ಇದೇ ಕಾರಣದಿಂದ. ಬಳಿಕ ಹುದುಗು ಹಾಕಿ ಹುಳಿಯಿಸಿ ಭಟ್ಟಿ ಇಳಿಸಿದರಾಯಿತು. ಆಲೂಗಡ್ಡೆಯಲ್ಲಿ ನಾಲ್ಕು ಪಾಲಿಗೆ ಮೂರು ಪಾಲಿಗೂ ಮಿಗಿಲಾಗಿ ನೀರು. ಪಿಷ್ಟ ನೂರಕ್ಕೆ ಸುಮಾರು 15ರಿಂದ 18. ಗೋಧಿಯಲ್ಲಿಯಾದರೋ ನೂರಕ್ಕೆ 60ಕ್ಕೂ ಮೇಲು. ಆದಕಾರಣ ನೂರಕ್ಕೆ 40 ಪಾಲು ಮದ್ಯಸಾರವುಳ್ಳ ಒಂದು ಲೀಟರಿಗೆ ಗೋಧಿ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ಸಾಕಾದರೆ, ಆಲೂಗಡ್ಡೆ ಸುಮಾರು ನಾಲ್ಕು ಕಿಲೋಗ್ರಾಂ ಬೇಕು. ಗೆಡ್ಡೆಯನ್ನು ಕೂಡಿಡುವುದೂ ಕಷ್ಟ. ಕೊಳೆಯುವ ಮೊದಲೇ ಕೆಲಸ ಮುಗಿಯಬೇಕು. ಗೆಡ್ಡೆಯ ವೋಡ್ಕಾ ಸಾಮಾನ್ಯವಾಗಿ ದುಬಾರಿಯಾಗುವುದು ಇದರಿಂದಲೇ ಹೊರತು ಅದರಲ್ಲಿ ವಿಶೇಷ ಗುಣವೇನೋ ಅಡಗಿದೆ ಎಂಬುದರಿಂದಲ್ಲ.

ಇನ್ನು ರುಚಿಯ ಮಾತು. ಬಲ್ಲವರು ಗೆಡ್ಡೆಯದು ನಾಲಗೆಯ ಮೇಲೆ ಕೊಂಚ ಮಂದವಾಗಿ, ಜಿಡ್ಡಿನಂತೆ ನಿಲ್ಲುತ್ತದೆ ಎನ್ನುತ್ತಾರೆ. ಗೋಧಿಯದು ಮೃದು, ರೈಯದು ಮೆಣಸಿನ ಕಾರದ ಛಾಯೆಯುಳ್ಳದ್ದು. ಆದರೆ ಈ ವ್ಯತ್ಯಾಸ ಬಹು ಸೂಕ್ಷ್ಮವಾದುದು. ಅಮೆರಿಕದ ಸರ್ಕಾರೀ ನಿಯಮವಂತೂ 2020ರವರೆಗೂ ವೋಡ್ಕಾ ಎಂದರೆ ವಿಶಿಷ್ಟ ಗಂಧ, ರುಚಿ, ಬಣ್ಣಗಳಿಲ್ಲದ ಮದ್ಯವೆಂದೇ ಹೇಳುತ್ತಿತ್ತು. ಹಣ್ಣಿನ ರಸವನ್ನೋ ಸೋಡಾವನ್ನೋ ಬೆರೆಸಿದ ಮೇಲೆ ಗೆಡ್ಡೆ ಯಾವುದು, ಕಾಳು ಯಾವುದು ಎಂದು ಹೇಳುವುದು ಪಳಗಿದ ನಾಲಗೆಗೂ ಸುಲಭವಲ್ಲ.

ಆರೋಗ್ಯದ ವಿಷಯದಲ್ಲಿಯೂ ಎರಡು ಭ್ರಮೆಗಳುಂಟು. ಆಲೂಗಡ್ಡೆಯದಾದ್ದರಿಂದ ಮಧುಮೇಹಿಗಳಿಗೆ ವರ್ಜ್ಯ, ಗೋಧಿಯದು ಆಗಬಹುದು ಎಂಬುದು ಒಂದು. ಭಟ್ಟಿ ಇಳಿಸಿದ ಮೇಲೆ ಪಿಷ್ಟವೂ ಇಲ್ಲ, ಸಕ್ಕರೆಯೂ ಇಲ್ಲ. ಉಳಿಯುವುದು ಮದ್ಯಸಾರ ಮತ್ತು ನೀರು. ಮಧುಮೇಹಿಗಳಿಗೆ ಆ ಮದ್ಯಸಾರವೇ ತೊಡಕಿನದು, ಅದರ ಮೂಲವಲ್ಲ. ಒಂದು ಬೆಲೆಯುಳ್ಳದ್ದು ಮತ್ತೊಂದಕ್ಕಿಂತ ದೇಹಕ್ಕೆ ಹಿತವೆಂಬುದು ಎರಡನೆಯ ಭ್ರಮೆ. ಮದ್ಯದಲ್ಲಿ ಸಂಪೂರ್ಣ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆ ಮಾತು ಗೆಡ್ಡೆಗೂ ಕಾಳಿಗೂ ಸಮಾನವಾಗಿ ಅನ್ವಯಿಸುತ್ತದೆ.

ಹಾಗಾದರೆ ಮೂಲ ಪದಾರ್ಥವನ್ನು ವಿಚಾರಿಸುವುದೇ ವ್ಯರ್ಥವೇ? ಹಾಗಲ್ಲ. ಒಂದು ಮೂಲವನ್ನು ಮಾತ್ರ ಎಚ್ಚರದಿಂದ ತಿಳಿದಿರಬೇಕು. ಅದನ್ನು ಅರಿಯಲು ದೂರದ ಪೋಲೆಂಡಿಗೆ ಹೋಗಬೇಕಾಗಿಲ್ಲ. ನೆರೆಯ ಭದ್ರಾವತಿಯ ಚರಿತ್ರೆ ಸಾಕು. 1918ರಲ್ಲಿ ಮೈಸೂರು ಸರ್ಕಾರ ಅಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕೈಗೊಂಡಾಗ, ಕುಲುಮೆಗೆ ಕಲ್ಲಿದ್ದಲಿನ ಬದಲು ಮಲೆನಾಡಿನ ಮರದ ಇದ್ದಿಲನ್ನೇ ಆಶ್ರಯಿಸಬೇಕಾಯಿತು. ಕಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಸಿದರೆ ಇದ್ದಿಲು ಉಳಿಯುತ್ತದೆ. ಹೊರಬಂದ ಆವಿ ತಣಿದಾಗ ಟಾರು, ಅಸಿಟಿಕ್ ಆಮ್ಲ ಮತ್ತು ಮಿಥೈಲ್ ಆಲ್ಕೊಹಾಲ್ ದೊರೆಯುತ್ತವೆ. 1923ರಲ್ಲಿ ಬೀಡು ಕಬ್ಬಿಣ ಹರಿಯಲು ಮೊದಲಾದ ಭದ್ರಾವತಿಯಲ್ಲಿ ಈ ಕಟ್ಟಿಗೆಯ ಭಟ್ಟಿಯೂ ಬಹುಕಾಲ ಪ್ರಸಿದ್ಧವಾಗಿತ್ತು.

ಮಿಥೈಲ್ ಆಲ್ಕೊಹಾಲ್ ಬಣ್ಣ, ಅರಗು, ರಾಸಾಯನಿಕಗಳ ಉದ್ಯಮಕ್ಕೆ ಸಂಪತ್ತು, ಹೊಟ್ಟೆಗೆ ವಿಷ. ನೋಡಲು ಅದೂ ನೀರಿನಂತೆಯೇ ತಿಳಿ. ವಾಸನೆಯೂ ಹೆಚ್ಚು ಕಡಿಮೆ ಮದ್ಯಸಾರದ್ದೇ. ದೇಹವನ್ನು ಹೊಕ್ಕ ಬಳಿಕ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ, ಪ್ರಾಣವನ್ನೂ ಒಯ್ಯುತ್ತದೆ. 1981ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯ ಮದ್ಯಕ್ಕೆ ಬೆರೆತ ಈ ವಿಷದಿಂದ 300ಕ್ಕೂ ಹೆಚ್ಚು ಮಂದಿ ಮಡಿದರು. 2008ರ ಮೇ ತಿಂಗಳಿನಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯಲ್ಲಿ ಅಂಥದೇ ದುರಂತ ಮರುಕಳಿಸಿತು. ಸತ್ತವರಲ್ಲಿ ಬಹುಮಂದಿ ದಿನಗೂಲಿಯವರು. ಗೆಡ್ಡೆಯೋ ಕಾಳೋ ಎಂದು ಆರಿಸುವ ಅನುಕೂಲ ಅವರಿಗೆ ಇರಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿದ್ದರೂ ಕಳ್ಳಭಟ್ಟಿಗೆ ಕಾಯಿದೆಯ ಹೆದರಿಕೆ ಸಾಲದು. ಕುಡಿದವರಿಗೆ ಹಲವು ಗಂಟೆಗಳ ಮೇಲೆ ಕಣ್ಣು ಮಂಜಾದರೆ, ಹೊಟ್ಟೆ ತೊಳೆಸಿ ಉಸಿರು ಏರಿದರೆ, ನಶೆಯೆಂದು ಮಲಗಿಸದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬದುಕಿಕೊಳ್ಳುವುದುಂಟು.

ಆಲೂಗಡ್ಡೆಯಲ್ಲಿರುವ ಪೆಕ್ಟಿನ್ ಎಂಬ ಅಂಶದಿಂದಲೂ ಮಿಥೈಲ್ ಲವಲೇಶ ಹುಟ್ಟುತ್ತದೆ. ಆದರೆ ಸುವ್ಯವಸ್ಥಿತ ಭಟ್ಟಿಯಲ್ಲಿ ಅದನ್ನು ಬೇರ್ಪಡಿಸಿಯೇ ಸೀಸೆ ತುಂಬುತ್ತಾರೆ; ಯೂರೋಪಿನ ನಿಯಮ ಅದಕ್ಕೆ ಕಟ್ಟುನಿಟ್ಟಿನ ಮಿತಿಯನ್ನೂ ವಿಧಿಸಿದೆ. ಹೆದರಬೇಕಾದದ್ದು ಗೆಡ್ಡೆಗಲ್ಲ, ಹೆಸರಿಲ್ಲದ ಸೀಸೆಗೆ.

ನಮ್ಮ ದೇಶದ ಮದ್ಯದ ಮೂಲವನ್ನೂ ಈ ಸಂದರ್ಭದಲ್ಲಿ ನೋಡಬೇಕು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ಇಳಿಸುವ ಪದ್ಧತಿ ಇಂಥ ಕಾರ್ಖಾನೆಗಳೊಡನೆ ಬೆಳೆಯಿತು. ಭಾರತದ ಅನೇಕ ಮದ್ಯಗಳು ಹೊರಗೆ ಪಾಶ್ಚಾತ್ಯ ಹೆಸರನ್ನು ಹೊತ್ತಿದ್ದರೂ ಒಳಗೆ ಹಳೆಯ ಗೌಡಿಯ ವಂಶದವೇ. ಯೂರೋಪಿನ ನಿಯಮದಂತೆ, ಗೆಡ್ಡೆ ಅಥವಾ ಧಾನ್ಯವಲ್ಲದೆ ಬೇರೆ ಪದಾರ್ಥದಿಂದ ವೋಡ್ಕಾ ಮಾಡಿದರೆ ಅದನ್ನು ಚೀಟಿಯ ಮೇಲೆ ಹೇಳಲೇಬೇಕು. ಕೊಳ್ಳುವವನಿಗೆ ಸತ್ಯ ತಿಳಿಯಬೇಕೆಂಬ ಈ ನಿಯಮ ಅನುಕರಣೀಯವಾದುದು.

ಹಸಿವಿನ ಪ್ರಶ್ನೆಯೂ ಮುಗಿದಿಲ್ಲ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ, ಕೆಟ್ಟ ಧಾನ್ಯ, ನುಚ್ಚಕ್ಕಿ, ಉಣ್ಣಲು ಯೋಗ್ಯವಲ್ಲದ ಕೊಳೆತ ಆಲೂಗಡ್ಡೆಗಳಿಂದ ಎಥನಾಲ್ ತೆಗೆಯಲು ಅವಕಾಶ ಕೊಟ್ಟಿತು. ಆಹಾರ ನಿಗಮದ ಅಕ್ಕಿಯೂ ಭಟ್ಟಿಗಳಿಗೆ ಹೋಯಿತು. ಅಕ್ಕಿಯ ಬೆಲೆ ಏರಿದ 2023ರ ಜುಲೈಯಲ್ಲಿ ಆ ಸರಬರಾಜನ್ನು ನಿಲ್ಲಿಸಬೇಕಾಯಿತು. ಈವಾ ಏಕೆಬ್ಲಾಡಳ ಕಾಲದ ತಕ್ಕಡಿ ಇಂದಿಗೂ ತೂಗುತ್ತಲೇ ಇದೆ.

ಕುಡಿಯುವ ಅಭ್ಯಾಸವಿರುವವರು ಆರಿಸಲೇಬೇಕಾದರೆ ಕ್ರಮ ಇಷ್ಟು: ಮೊದಲು ಅಧಿಕೃತ ಅಂಗಡಿ, ಒಡೆಯದ ಮುದ್ರೆ, ತಯಾರಕರ ಹೆಸರು, ಬಳಿಕ ಮದ್ಯಸಾರದ ಪ್ರಮಾಣ, ಎಲ್ಲಕ್ಕೂ ಕಡೆಯಲ್ಲಿ ಗೆಡ್ಡೆಯೋ ಕಾಳೋ ಎಂಬ ವಿಚಾರ. ಮಂದವಾದದ್ದು ಬೇಕೆಂಬವರಿಗೆ ಗೆಡ್ಡೆ, ಹಗುರವಾದದ್ದು ಬೇಕೆಂಬವರಿಗೆ ಗೋಧಿ. ಹೆಚ್ಚು ಹಣ ತೆತ್ತು ಹೆಚ್ಚು ಕ್ಷೇಮವನ್ನು ಕೊಂಡೆವೆಂದು ಮಾತ್ರ ಭಾವಿಸಬಾರದು. ಕುಡಿಯದ ಮನೆಗಳಲ್ಲಿ ಈ ಚರ್ಚೆಯೇ ಅನಾವಶ್ಯಕ. ಹಾಸನದ ಆಲೂಗಡ್ಡೆ ಅಲ್ಲಿ ಪಲ್ಯವಾಗಿಯೋ ಹುಳಿಯಾಗಿಯೋ ಎಲೆಯ ಮೇಲೆ ಬೀಳುತ್ತದೆ, ಗೋಧಿ ಚಪಾತಿಯಾಗುತ್ತದೆ, ಎರಡೂ ಒಂದೇ ಊಟದಲ್ಲಿ ಜಗಳವಿಲ್ಲದೆ ಕೂಡುತ್ತವೆ.