ನಿದ್ರಿಸುವವನ ಉಸಿರನ್ನು ಎಣಿಸುವವರಾರು?

2021ನೆಯ ಇಸವಿ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವ ತಲೆದೋರಿದುದನ್ನೂ, ಒಂದು ದಿನದೊಳಗೆ 24 ಮಂದಿ ರೋಗಿಗಳು ಅಸುನೀಗಿದುದನ್ನೂ ಈ ನಾಡು ಮರೆಯಲಾರದು. ಆ ಬಳಿಕ ನಡೆದ ಚರ್ಚೆ ಹೆಚ್ಚಾಗಿ ಸಿಲಿಂಡರು, ಟ್ಯಾಂಕು, ಸಾಗಣೆಗಳನ್ನು ಕುರಿತದ್ದು. ಅದು ಅವಶ್ಯವೇ ಸರಿ. ಆದರೆ ಅದಕ್ಕೂ ಹಿಂದಿನ ಪ್ರಶ್ನೆಯೊಂದುಂಟು. ಮನೆಯಲ್ಲಿ ಮಲಗಿರುವ ರೋಗಿಗೆ ಆಮ್ಲಜನಕ ಸಾಲದೆಂಬುದು ಮೊದಲು ಯಾರಿಗೆ ತಿಳಿಯಬೇಕು? ರೋಗಿಗೇ ತಿಳಿಯುವುದೆಂದು ನಾವು ನಂಬಿದ್ದೇವೆ. ಶರೀರಶಾಸ್ತ್ರ ಹೇಳುವುದು ಬೇರೆ.

ಮಿದುಳಿಗೂ ಬೆನ್ನುಹುರಿಗೂ ನಡುವೆ ಇರುವುದು ಮಿದುಳಿನ ಕಾಂಡ. ಅದರ ಕೆಳತುದಿಯ ಕಿರುತಾಣವೊಂದು ಉಸಿರಾಟಕ್ಕೆ ಅನಿವಾರ್ಯವೆಂದು ಫ್ರಾನ್ಸಿನ ಲೆಗಲ್ವಾ 19ನೆಯ ಶತಮಾನದ ಆರಂಭದಲ್ಲಿಯೇ ಮೊಲಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟನು. ಉಸಿರಿನ ಲಯವನ್ನು ಹುಟ್ಟಿಸುವ ನರಕೋಶಗಳ ಗುಂಪನ್ನು ಸ್ಮಿತ್, ಫೆಲ್ಡ್‌ಮನ್ ಮೊದಲಾದವರು 1991ರಲ್ಲಿ ಗುರುತಿಸಿದರು. ಅಲ್ಲಿಂದ ಹೊರಟ ಆಜ್ಞೆ ಬೆನ್ನುಹುರಿಯ ಮೂಲಕ ವಪೆಯನ್ನೂ ಪಕ್ಕೆಲುಬುಗಳ ನಡುವಣ ಸ್ನಾಯುಗಳನ್ನೂ ಮುಟ್ಟುತ್ತದೆ.

ಈ ಕಾವಲುಗಾರನು ಮುಖ್ಯವಾಗಿ ಲೆಕ್ಕವಿಡುವುದು ಆಮ್ಲಜನಕವನ್ನಲ್ಲ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡನ್ನು. ಅದು ತುಸು ಏರಿದರೂ ಉಸಿರು ಬಿರುಸಾಗುತ್ತದೆ. ಆಮ್ಲಜನಕದ ಕುಗ್ಗುವಿಕೆಯನ್ನು ಅರಿಯುವ ಪುಟ್ಟ ಅಂಗಗಳು ಕೊರಳಿನ ರಕ್ತನಾಳಗಳ ಬಳಿ ಇವೆಯಾದರೂ, ಕೊರತೆ ಸಾಕಷ್ಟು ಆಳಕ್ಕಿಳಿಯುವವರೆಗೆ ಅವುಗಳ ಕೂಗು ಬಲವಾಗದು. ಕೋವಿಡ್ ಕಾಲದಲ್ಲಿ ಕೆಲವರು ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಸಂಕಟವಿಲ್ಲದೆ ಮಾತನಾಡುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಎಚ್ಚರದಲ್ಲಿರುವಾಗ ಎಚ್ಚರವೇ ಉಸಿರಿಗೊಂದು ಪ್ರಚೋದನೆ. ನಿದ್ದೆ ಬಂದೊಡನೆ ಆ ಆಸರೆ ತಪ್ಪುತ್ತದೆ. ಡೈಆಕ್ಸೈಡಿಗೆ ಕಾಂಡದ ಸ್ಪಂದನ ಮಂದವಾಗುತ್ತದೆ. ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕನಸಿನ ನಿದ್ದೆಯಲ್ಲಿ ಲಯವೇ ಏರುಪೇರಾಗುತ್ತದೆ. ಆರೋಗ್ಯವಂತರಿಗೆ ಇದರಿಂದ ಕೇಡಿಲ್ಲ. ಶ್ವಾಸಕೋಶ ಕೆಟ್ಟವರಿಗೆ ಮಾತ್ರ ರಾತ್ರಿ ಕಠಿನವಾದುದು. ಮದ್ಯ, ನಿದ್ದೆಯ ಗುಳಿಗೆ, ಅಫೀಮಿನ ಜಾತಿಯ ನೋವಿನ ಮದ್ದು ಇವು ಕಾವಲುಗಾರನನ್ನೇ ಮಂಕುಗೊಳಿಸಬಲ್ಲವು.

ಆದುದರಿಂದ, ರೋಗಿಯ ಅನುಭವವನ್ನೇ ನಂಬಿ ಕುಳಿತುಕೊಳ್ಳುವುದು ತಪ್ಪೆಂಬುದು ನಮ್ಮ ಅಭಿಪ್ರಾಯ. ಜ್ವರ ನೋಡಲು, ನಾಡಿ ಹಿಡಿಯಲು ಜನ ಬಲ್ಲರು. ಉಸಿರನ್ನು ಎಣಿಸುವವರು ವಿರಳ. ಗುಂಡ್ಲುಪೇಟೆಯ ಕಾಡಂಚಿನ ಹಳ್ಳಿಯಲ್ಲಾಗಲಿ, ಚಾಮರಾಜನಗರದ ಪೇಟೆಯಲ್ಲಾಗಲಿ ಇದಕ್ಕೆ ಗಡಿಯಾರವೊಂದಿದ್ದರೆ ಸಾಕು. ರೋಗಿಗೆ ಹೇಳದೆ, ಅವನ ಎದೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 12ರಿಂದ 20 ಸಹಜ. 25 ಮುಟ್ಟಿದರೆ, ಅಥವಾ 8ಕ್ಕೆ ಇಳಿದರೆ, ಬೆಳಗಾಗಲೆಂದು ಕಾಯಬಾರದು. ಮಕ್ಕಳ ಲೆಕ್ಕ ಬೇರೆ. ಅದನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಎಣಿಕೆ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದು ತಿಳಿಯಲಾಗದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಎಣಿಕೆಗೆ ಕಾಣದುದನ್ನು ಕಾಣಿಸಬಲ್ಲದು. ಸುಸ್ಥಿತಿಯಲ್ಲಿರುವ ಆಕ್ಸಿಮೀಟರು ಪ್ರತಿಯೊಬ್ಬ ಆಶಾ ಕಾರ್ಯಕರ್ತೆಯ ಕೈಯಲ್ಲಿಯೂ ಸದಾ ಇರಬೇಕು. ಉಸಿರನ್ನು ಎಣಿಸುವುದನ್ನು ಪ್ರೌಢಶಾಲೆಯ ಮಕ್ಕಳಿಗೆ ಪಾಠದ ಜೊತೆಯಲ್ಲಿಯೇ ಮಾಡಿಸಿ ಕಲಿಸಬೇಕು. ಆಸ್ಪತ್ರೆಯಲ್ಲಿ ಆಮ್ಲಜನಕ ಇಲ್ಲದಿದ್ದರೆ ಈ ಅರಿವು ಅದರ ಸ್ಥಾನವನ್ನು ತುಂಬಲಾರದು. ಅದು ಸರಕಾರದ ಹೊಣೆ. ಆದರೆ ಆಮ್ಲಜನಕ ಇದ್ದಾಗಲೂ ತಡವಾಗಿ ಬಂದವರಿಗೆ ಅದು ಪ್ರಯೋಜನಕ್ಕೆ ಬಾರದಿರಬಹುದು. ಮನೆಯವರು ರಾತ್ರಿ ಒಮ್ಮೆ ಎದ್ದು, ಒಂದು ನಿಮಿಷ ಎಣಿಸಿದರೆ ಆ ತಡವನ್ನಾದರೂ ತಪ್ಪಿಸಬಹುದು.