ವಾಸನೆ ಬಂದ್ರೆ ಕ್ಲೋರಿನ್ ಜಾಸ್ತಿ ಅಂತಲ್ಲ

ಈಜುಕೊಳದ ಹತ್ತಿರ ಹೋದ ಕೂಡಲೇ ಮೂಗಿಗೆ ಒಂದು ಘಾಟು ಹೊಡೆಯುತ್ತಲ್ಲ, ಅದನ್ನು ಎಲ್ಲರೂ ‘ಕ್ಲೋರಿನ್ ವಾಸನೆ’ ಅಂತಾರೆ. ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ, ನೀರು ಶುದ್ಧವಾಗಿದೆ ಅಂತ ಸಮಾಧಾನಪಟ್ಟುಕೊಂಡು ಮಕ್ಕಳನ್ನು ಇಳಿಸುವವರೂ ಇದ್ದಾರೆ. ನಿಜ ಹೆಚ್ಚುಕಮ್ಮಿ ಉಲ್ಟಾ. ಬೆವರು, ಮೂತ್ರ (ಹೌದು, ಮಕ್ಕಳು ಮಾಡ್ತಾರೆ, ದೊಡ್ಡವರೂ!) ಇವುಗಳಲ್ಲಿರುವ ಸಾರಜನಕದ ಜೊತೆ ಕ್ಲೋರಿನ್ ಸೇರಿ ಕ್ಲೋರಮೈನ್ ಆಗುತ್ತೆ. ಘಾಟು ಅದರದ್ದು, ಕಣ್ಣು ಕೆಂಪಾಗಿಸೋದೂ ಅದೇ. ಅಂದರೆ ಕೆಲಸ ಮಾಡಬೇಕಾದ ಕ್ಲೋರಿನ್ ಆಗಲೇ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ.

ಬೆಂಗಳೂರಿನ ಹೊರವಲಯದಲ್ಲಿ ಈಗ ಮನೆಯಲ್ಲೇ ಪುಟ್ಟ ಕೊಳ ಇರುವವರು ಕಡಿಮೆಯೇನಿಲ್ಲ. ನಮ್ಮ ಭಾವನ ಮನೆಯಲ್ಲೂ ಒಂದಿದೆ, ಸುಮಾರು 40,000 ಲೀಟರ್. ವಾರಕ್ಕೆ ಮೂರು ಸಲ ಒಬ್ಬ ಹುಡುಗ ಬಂದು ಬಿಳಿ ಮಾತ್ರೆ ಹಾಕಿ, ಸಣ್ಣ ಟ್ಯೂಬಿನಲ್ಲಿ ನೀರು ಹಿಡಿದು ಎರಡು ಹನಿ ಬಿಟ್ಟು, ಹಳದಿ ಬಣ್ಣ ಬಂದರೆ "ಓಕೆ ಸರ್" ಅಂತ ಹೊರಡುತ್ತಿದ್ದ. ಕಳೆದ ಬೇಸಿಗೆ ರಜೆಯಲ್ಲಿ, ಆ ‘ಓಕೆ’ ನಡುವೆಯೇ ಗೋಡೆಗಳಿಗೆ ಹಸಿರು ಲೋಳೆ ಕಟ್ಟತೊಡಗಿತು. ಮುಂದಿನ ಭಾನುವಾರ ಮಗಳ ಹುಟ್ಟುಹಬ್ಬ, ಹನ್ನೆರಡು ಮಕ್ಕಳು ಬರೋರಿದ್ದರು. ಭಾವ ಇನ್ನೂ ಹತ್ತು ಮಾತ್ರೆ ಸುರಿಯೋಣ ಅಂತಿದ್ದರು. ನಮ್ಮ ಆಫೀಸಿನಲ್ಲೂ ಹೀಗೇ, ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡೋಣ ಅನ್ನೋರಿದ್ದಾರೆ.

ಮೊದಲು ಆ ಹಳದಿ ಬಣ್ಣದ ವಿಷಯ. ಅದು ಆರ್ಥೋಟಾಲಿಡಿನ್ ಪರೀಕ್ಷೆ. ಅಗ್ಗ, ಎಲ್ಲೆಡೆ ಸಿಗುತ್ತೆ. ಆದರೆ ಅದು ತೋರಿಸೋದು ಒಟ್ಟು ಕ್ಲೋರಿನ್. ಅದರಲ್ಲಿ ಕೆಲಸಕ್ಕೆ ಸಿಗುವ ಮುಕ್ತ ಕ್ಲೋರಿನ್ ಎಷ್ಟು, ಕ್ಲೋರಮೈನ್ ಆಗಿ ಕೂತಿರೋದು ಎಷ್ಟು ಅಂತ ಗೊತ್ತಾಗಲ್ಲ. ಅದಕ್ಕೆ ಡಿಪಿಡಿ ಅನ್ನೋ ಕಿಟ್ ಬೇಕು, ಇದರಲ್ಲಿ ಗುಲಾಬಿ ಬಣ್ಣ ಬರುತ್ತೆ. ಮುಕ್ತ ಒಂದು ಓದು, ಒಟ್ಟು ಇನ್ನೊಂದು ಓದು, ಕಳೆದರೆ ಉಳಿಯೋದು ಕ್ಲೋರಮೈನ್. ಇದರಲ್ಲೂ ಒಂದು ಮೋಸ ಇದೆ: ಕ್ಲೋರಿನ್ ವಿಪರೀತ ಇದ್ದರೆ ಆ ಗುಲಾಬಿ ಬಣ್ಣವೇ ಬ್ಲೀಚ್ ಆಗಿ ನೀರು ತಿಳಿಯಾಗಿ ಕಾಣುತ್ತೆ, ಕ್ಲೋರಿನ್ ಇಲ್ಲವೇ ಇಲ್ಲ ಅನ್ನಿಸುತ್ತೆ. ಅನುಮಾನ ಬಂದರೆ ಸ್ಯಾಂಪಲ್‌ಗೆ ಅಷ್ಟೇ ಬಟ್ಟಿ ಇಳಿಸಿದ ನೀರು ಬೆರೆಸಿ ಮತ್ತೆ ನೋಡಬೇಕು. ನೀರು ತೆಗೆಯುವಾಗ ಮೇಲ್ಮೈಯಿಂದ ಅಲ್ಲ, ಮೊಣಕೈ ಮುಳುಗುವಷ್ಟು ಆಳದಿಂದ, ನೀರು ಒಳಬರುವ ಕೊಳವೆಯಿಂದ ದೂರ.

ಭಾವನ ಕೊಳದಲ್ಲಿ ಒಟ್ಟು 2.5 ಪಿಪಿಎಂ, ಮುಕ್ತ 1.5. ಪಿಎಚ್ 7.6, ಅದೂ ಸರಿ, 7.2ರಿಂದ 7.8ರ ಒಳಗೆ ಇರಬೇಕು. ಮುಕ್ತ ಕ್ಲೋರಿನ್ 1.5 ಇದ್ದೂ ಪಾಚಿ ಬೆಳೀತಿದೆ ಅಂದರೆ ಕಾರಣ ಬೇರೆಲ್ಲೋ ಇದೆ.

ಅದು ಮಾತ್ರೆಯ ಒಳಗೇ ಇತ್ತು. ಬಿಳಿ ಮಾತ್ರೆ ಅಂದರೆ ಟ್ರೈಕ್ಲೋರ್. ಅದು ಕರಗಿದಾಗ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಮ್ಲವನ್ನೂ ಬಿಡುತ್ತೆ. ಸಯನ್ಯೂರಿಕ್ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಎರಡು ಗಂಟೆಯೊಳಗೆ ಬಹುಪಾಲು ಕ್ಲೋರಿನ್ ಖಾಲಿ. 30ರಿಂದ 50 ಪಿಪಿಎಂ ಇದ್ದರೆ ಅದು ಕೊಡೆ ಹಿಡಿದ ಹಾಗೆ. ಜಾಸ್ತಿಯಾದರೆ ಕ್ಲೋರಿನ್ನನ್ನೇ ಹಿಡಿದಿಟ್ಟುಕೊಳ್ಳುತ್ತೆ. ಮೀಟರಿನಲ್ಲಿ ಸಂಖ್ಯೆ ಕಾಣುತ್ತೆ, ರೋಗಾಣು ಸಾಯೋದು ಮಾತ್ರ ತುಂಬಾ ನಿಧಾನವಾಗುತ್ತೆ.

ಲೆಕ್ಕ ಸುಲಭ. ಸಾವಿರ ಲೀಟರಿಗೆ ಒಂದು ಗ್ರಾಂ ಅಂದರೆ ಒಂದು ಪಿಪಿಎಂ. ಹಾಗಾಗಿ ಈ ಕೊಳಕ್ಕೆ ಒಂದು ಪಿಪಿಎಂ ಅಂದರೆ 40 ಗ್ರಾಂ. 200 ಗ್ರಾಂನ ಒಂದು ಮಾತ್ರೆಯಿಂದ ಸುಮಾರು 110 ಗ್ರಾಂ ಸಯನ್ಯೂರಿಕ್, ಅಂದರೆ 2.8 ಪಿಪಿಎಂ. ವಾರಕ್ಕೆ ಮೂರು ಮಾತ್ರೆ, ಆರು ತಿಂಗಳು. ಕೂಡಿಸಿದರೆ 200 ದಾಟುತ್ತೆ. ಕ್ಲೋರಿನ್ ಖರ್ಚಾಗುತ್ತೆ, ನೀರು ಆವಿಯಾಗುತ್ತೆ, ಇದು ಮಾತ್ರ ಹಾಗೇ ಉಳಿಯುತ್ತೆ.

ಅಳೆಯೋ ವಿಧಾನ ನೋಡೋಕೆ ಮಜವಾಗಿದೆ. ಸ್ಯಾಂಪಲ್‌ಗೆ ಮೆಲಮೈನ್ ದ್ರಾವಣ ಬೆರೆಸಿದರೆ ಮಜ್ಜಿಗೆಯ ಹಾಗೆ ಬಿಳಿಚುತ್ತೆ. ತಳದಲ್ಲಿ ಕಪ್ಪು ಚುಕ್ಕಿ ಇರುವ ಟ್ಯೂಬಿಗೆ ನಿಧಾನವಾಗಿ ಸುರಿಯುತ್ತಾ ಹೋಗಬೇಕು. ಚುಕ್ಕಿ ಯಾವ ಗೆರೆಯಲ್ಲಿ ಮರೆಯಾಗುತ್ತೋ ಅದೇ ಸಂಖ್ಯೆ. ನಮ್ಮದು ಕೊನೆಯ ಗೆರೆ 100ಕ್ಕೆ ಮುಂಚೆಯೇ ಮಾಯ. ಅರ್ಧಕ್ಕರ್ಧ ನಲ್ಲಿ ನೀರು ಬೆರೆಸಿ ಮತ್ತೆ ಸುರಿದಾಗ ಸರಿಯಾಗಿ 100. ಅಂದರೆ ನಿಜವಾದದ್ದು 200.

ಪಿಎಚ್ ಏರಿದರೆ ಆಸಿಡ್ ಇದೆ, ಕ್ಷಾರೀಯತೆ ಇಳಿದರೆ ಅಡುಗೆ ಸೋಡಾ ಇದೆ (ಈ ಕೊಳಕ್ಕೆ 10 ಪಿಪಿಎಂ ಏರಿಸಲು ಸುಮಾರು 670 ಗ್ರಾಂ). ಸಯನ್ಯೂರಿಕ್ ಇಳಿಸೋಕೆ ಅಷ್ಟು ಸಲೀಸಾದ ಪುಡಿ ಇಲ್ಲ, ನಂಬಬಹುದಾದ ದಾರಿ ನೀರು ಬದಲಿಸೋದೇ. ನಮ್ಮೂರಿನಲ್ಲಿ ಕಷ್ಟ ಇರೋದು ಇಲ್ಲೇ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿದೆಯಲ್ಲ? 200ರಿಂದ 50ಕ್ಕೆ ಇಳಿಸಲು ಒಂದೇ ಸಲ ಮುಕ್ಕಾಲು ಭಾಗ ಖಾಲಿ ಮಾಡಿದರೆ 30,000 ಲೀಟರ್, ಅಂದರೆ 6,000 ಲೀಟರಿನ ಐದು ಟ್ಯಾಂಕರ್. ಅರ್ಧ ಖಾಲಿ ಮಾಡಿ ತುಂಬಿಸಿ, ಮತ್ತೆ ಅರ್ಧ ಖಾಲಿ ಮಾಡಿದರೆ ಅದೇ ಫಲಕ್ಕೆ 40,000 ಲೀಟರ್ ಬೇಕು. ಪಕ್ಕದ ಬೀದಿಯವರು ಬಿಂದಿಗೆ ಹಿಡಿದು ನಿಂತಿರುವಾಗ ಇದನ್ನು ಮಾಡೋಕೆ ಅಕ್ಕ ಒಪ್ಪಲಿಲ್ಲ. ನನಗೂ ಅದೇ ಸರಿ ಅನ್ನಿಸಿತು. ಹುಟ್ಟುಹಬ್ಬ ಟೆರೇಸ್ ಮೇಲೆ ನಡೀತು, ಮಗಳು ಎರಡು ದಿನ ಮಾತು ಬಿಟ್ಟಳು.

ಕೊಳಕ್ಕೆ ಯಾರೂ ಇಳಿಯದಂತೆ ಮಾಡಿ, ಮಾತ್ರೆ ನಿಲ್ಲಿಸಿ ಮಳೆಗೆ ಕಾದೆವು. ನೂರು ಚದರ ಮೀಟರ್ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 2,500 ಲೀಟರ್, ಕೈಗೆ ಸಿಗೋದು ಸ್ವಲ್ಪ ಕಡಿಮೆ. ಮಳೆ ನೀರಿನಲ್ಲಿ ಸಯನ್ಯೂರಿಕ್ ಇಲ್ಲ, ಬೋರ್‌ವೆಲ್ಲಿನ ಗಡಸುತನವೂ ಇಲ್ಲ. ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಕೊಳವನ್ನು ಪೂರ್ತಿ ಬರಿದು ಮಾಡಬೇಡಿ. ಅಂತರ್ಜಲ ಮೇಲೆ ಬಂದಿದ್ದರೆ ಖಾಲಿ ತೊಟ್ಟಿಯನ್ನೇ ಕೆಳಗಿಂದ ಎತ್ತಿ ಬಿರುಕು ಬಿಡಿಸುತ್ತೆ. ಹಾಗಾಗಿ ನಾವು ಕಂತು ಕಂತಾಗಿಯೇ ಬದಲಿಸಿದೆವು. ನೀರು ಹೆಚ್ಚು ಬೇಕಾಯಿತು, ಆದರೆ ಬಿಟ್ಟಿ ನೀರು.

ಈಗ ಅವರು ಹಾಕೋದು ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್. 10 ಶೇಕಡದ್ದಾದರೆ 400 ಮಿಲಿ ಹಾಕಿದಾಗ ಒಂದು ಪಿಪಿಎಂ ಏರುತ್ತೆ. ಬಿಸಿಲಲ್ಲಿ ಇಟ್ಟರೆ ಶಕ್ತಿ ಕಳ್ಕೊಳ್ಳುತ್ತೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ತರಬೇಕು. ಉಳಿದ ಮಾತ್ರೆಗಳನ್ನು ಬ್ಲೀಚಿಂಗ್ ಪೌಡರ್ ಪಕ್ಕ ಇಡಲೇಬೇಡಿ, ಎರಡೂ ಬೆರೆತರೆ ಬೆಂಕಿ ಹೊತ್ತಿಕೊಳ್ಳುತ್ತೆ. ಆಸಿಡ್ ಮತ್ತು ಕ್ಲೋರಿನ್ ಒಂದೇ ಬಕೆಟ್‌ಗೆ ಹೋದರೆ ವಿಷಾನಿಲ. ಇವು ಮೂರಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ಮಗ್.

ಕತ್ತಲಾದ ಮೇಲೆ ಒಂದು ಓದು, ಬಿಸಿಲು ಬೀಳುವ ಮುಂಚೆ ಇನ್ನೊಂದು, ವಾರಕ್ಕೊಮ್ಮೆ. ರಾತ್ರಿ ಬಿಸಿಲಿಲ್ಲ, ಈಜೋರಿಲ್ಲ. ಆದರೂ ಮುಕ್ತ ಕ್ಲೋರಿನ್ ಒಂದು ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ನೀರಲ್ಲಿ ಕಣ್ಣಿಗೆ ಕಾಣದ ಏನೋ ಅದನ್ನು ತಿಂತಿದೆ ಅಂತ. ಅಂಥ ದಿನ ಮಕ್ಕಳಿಗೆ ಈಜು ಇಲ್ಲ. ಓದು ಬರೆಯುವ ಕೆಲಸವನ್ನು ಈಗ ಮಗಳೇ ವಹಿಸಿಕೊಂಡಿದ್ದಾಳೆ, ಕ್ಯಾಲೆಂಡರಿನ ಹಿಂಬದಿಯಲ್ಲಿ, ಗುಲಾಬಿ ಸ್ಕೆಚ್ ಪೆನ್ನಿನಲ್ಲಿ.