ಹೆತ್ತವರನ್ನು ಹಂಚಬಹುದೆ?

ನಾಲ್ಕನೆಯ ತರಗತಿಯಲ್ಲಿ ಭಾಗಾಕಾರವನ್ನು ಹೇಳಿಕೊಡುತ್ತಿದ್ದೆನು. ತಿಂಗಳ ದಿನಗಳನ್ನು 2ರಿಂದ ಭಾಗಿಸುವ ಲೆಕ್ಕ. 30ಕ್ಕೆ 15 ಬಂದಿತು, ಶೇಷವಿಲ್ಲ. 31ಕ್ಕೆ 15 ಬಂದು ಒಂದು ಶೇಷ ಉಳಿಯಿತು. ಆಗ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ನಮ್ಮಜ್ಜಿ ಹದಿನೈದು ದಿನ ನಮ್ಮನೇಲಿ, ಹದಿನೈದು ದಿನ ದೊಡ್ಡಪ್ಪನ ಮನೇಲಿ ಉಣ್ತಾಳೆ. ಮೂವತ್ತೊಂದನೇ ತಾರೀಕು ಎಲ್ಲಿ ಉಣ್ಬೇಕು?" ಎಂದು ಕೇಳಿದಳು. ಮಕ್ಕಳು ನಕ್ಕರು. ನಾನು ಉತ್ತರ ಹೇಳಲಾರದೆ ಮುಂದಿನ ಲೆಕ್ಕಕ್ಕೆ ಹೋದೆನು. ಅಂದು ಬಾರದ ಉತ್ತರವನ್ನು ಇಂದು ವಾಚಕರ ಮುಂದೆ ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ರಾಯದುರ್ಗ, ಮಡಕಶಿರ ಸೀಮೆಗಳ ಹಳ್ಳಿಗಳಲ್ಲಿ ಈ ಪದ್ಧತಿಯನ್ನು ಅರಿಯದವರಿಲ್ಲ. ಕನ್ನಡದಲ್ಲಿ ಪಾಳಿ ಎನ್ನುತ್ತೇವೆ, ತೆಲುಗಿನಲ್ಲಿ ವಂತು ಎನ್ನುವರು. ಅಣ್ಣತಮ್ಮಂದಿರು ಬೇರೆಯಾಗುವ ದಿನ ಹಿರಿಯರು ಪಂಚಾಯಿತಿಗೆ ಕೂಡುವರು. ಹೊಲ, ಮನೆ, ಬಾವಿಯ ನೀರು, ಎತ್ತು, ಸಾಲ ಎಲ್ಲವನ್ನೂ ಹಂಚಿ ಮುಗಿಸುವರು. ಕೊನೆಗೆ ಜಗಲಿಯ ಮೇಲೆ ಕುಳಿತ ಇಬ್ಬರು ಮುದುಕರು ಉಳಿಯುವರು. ಅವರನ್ನೂ ಹಂಚುವರು. ತಂದೆ ಒಬ್ಬನಿಗೆ, ತಾಯಿ ಇನ್ನೊಬ್ಬನಿಗೆ. ಇಲ್ಲವೆ ಇಬ್ಬರೂ ತಿಂಗಳಿಗೊಂದು ಮನೆಗೆ. ಐವತ್ತು ವರ್ಷ ಕೂಡಿ ಬಾಳಿದ ದಂಪತಿಗಳು ಒಂದೇ ಬೀದಿಯ ಎರಡು ಹೊಸ್ತಿಲುಗಳಲ್ಲಿ ಬೇರೆ ಬೇರೆ ಕುಳಿತು ಮುದ್ದೆ ಉಣ್ಣುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಪಂಚಾಯಿತಿಯಲ್ಲಿ ಎಲ್ಲರ ಮಾತನ್ನೂ ಕೇಳಿದರು. ಆ ಇಬ್ಬರ ಮಾತನ್ನು ಮಾತ್ರ ಯಾರೂ ಕೇಳಲಿಲ್ಲ.

ಪಾಳಿಯನ್ನು ಸಮರ್ಥಿಸುವವರು, "ಇದರಲ್ಲಿ ಅನ್ಯಾಯವೇನು? ಭಾರವು ಸಮನಾಗಿ ಹಂಚಿಹೋಗುತ್ತದೆ" ಎಂದು ಹೇಳುವರು. ನಿಜ, ಗಂಡುಮಕ್ಕಳ ನಡುವೆ ಅದು ನ್ಯಾಯವೇ. ಆದರೆ ಹೆತ್ತವರನ್ನು ಭಾರವೆಂದು ಒಪ್ಪಿಕೊಂಡ ಮೇಲೆ ಹುಟ್ಟಿದ ನ್ಯಾಯವದು. ಹಂಚಬೇಕಾದುದು ಖರ್ಚು, ದುಡಿಮೆ, ರಾತ್ರಿಯ ಎಚ್ಚರ, ಆಸ್ಪತ್ರೆಯ ಓಡಾಟ. ಇವನ್ನು ಹಂಚಲಾರದೆ ಮನುಷ್ಯರನ್ನೇ ಹಂಚಿದೆವು.

ಇನ್ನು ಕೆಲವರು, "ಇದೆಲ್ಲ ಇಂಗ್ಲಿಷ್ ವಿದ್ಯೆಯ ಫಲ, ಬೆಂಗಳೂರಿನ ಗಾಳಿ, ನಮ್ಮ ಹಿಂದಿನವರಲ್ಲಿ ಇದಿರಲಿಲ್ಲ" ಎನ್ನುವರು. ಇದು ನಮಗೆ ಹಿತವಾದ ಮಾತು, ಆದರೆ ಸತ್ಯವಲ್ಲ. ಪಾಳಿಯನ್ನು ಗೊತ್ತುಮಾಡಿದವರು ಊರಲ್ಲಿಯೇ ಉಳಿದ ರೈತರು, ಅಂಗಡಿಯವರು, ನಮ್ಮಂಥ ಉಪಾಧ್ಯಾಯರು. ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಹಾಳಾದ ವರ್ಷ ಊರು ಬಿಟ್ಟು ಬೆಂಗಳೂರಿಗೆ ಕೂಲಿಗೆ ಹೋದವರನ್ನು ನಾನು ದೂಷಿಸಲಾರೆ. ಒಂದೇ ಕೋಣೆಯಲ್ಲಿ ಇದ್ದುದನ್ನು ತಾಯಿಯೊಡನೆ ಹಂಚಿಕೊಂಡು ಉಣ್ಣುವ ಕೂಲಿಯವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದುದರಿಂದ ಬಡತನವೊಂದೇ ಇದಕ್ಕೆ ಕಾರಣವೆನ್ನಲಾಗದು.

ಮತ್ತೊಬ್ಬರು, "ಸರ್ಕಾರವೇ ಪಿಂಚಣಿ ಕೊಡುತ್ತದೆಯಲ್ಲ!" ಎನ್ನುವರು. ಆಂಧ್ರಪ್ರದೇಶದಲ್ಲಿ 2024ರಿಂದ ವೃದ್ಧಾಪ್ಯ ಪಿಂಚಣಿ ತಿಂಗಳಿಗೆ 4,000 ರೂಪಾಯಿಯಾಗಿದೆ. ಅದನ್ನು ಮನೆಯ ಬಾಗಿಲಿಗೇ ತಂದುಕೊಡುವರು. ಇದು ಒಳ್ಳೆಯದೇ. ಆದರೆ ಮೊದಲನೆಯ ತಾರೀಕು ಅಜ್ಜಿ ಯಾರ ಮನೆಯಲ್ಲಿರಬೇಕೆಂಬ ಹೊಸ ಜಗಳವೂ ಇದರಿಂದ ಹುಟ್ಟಿದೆ. ಹಣ ಬರುವ ದಿನ ಎಳೆದುಕೊಳ್ಳುವ ಕೈಗಳು ಜ್ವರ ಬಂದ ದಿನ ಹಿಂದಕ್ಕೆ ಸರಿಯುತ್ತವೆ. ಪಿಂಚಣಿ ಅಕ್ಕಿಯನ್ನು ಕೊಳ್ಳಬಲ್ಲದು. ರಾತ್ರಿ ಎದ್ದು ನೀರು ಕೊಡಲಾರದು.

ಇಷ್ಟು ಮಾತನಾಡುವ ನಾನು ನಿರ್ದೋಷಿಯಲ್ಲ. ತಂದೆಯವರು ತೀರಿಕೊಂಡ ಮೇಲೆ ಅಣ್ಣನೂ ನಾನೂ ಅವ್ವನನ್ನು ತಿಂಗಳ ಪಾಳಿಗೆ ಹಾಕಿದೆವು. ನನ್ನ ಸರದಿಯಲ್ಲಿ ಒಂದು ದಿನವೂ ತಪ್ಪಿಸಲಿಲ್ಲವೆಂದು ಹೆಮ್ಮೆಪಟ್ಟೆನು. ಒಮ್ಮೆ ಆಕೆಯ ಬಟ್ಟೆಯ ಗಂಟು ಮೂಲೆಯಲ್ಲಿ ಕಟ್ಟಿದಂತೆಯೇ ಇರುವುದನ್ನು ಕಂಡು, "ಸೀರೆಗಳನ್ನು ಪೆಟ್ಟಿಗೆಯಲ್ಲಿಡಬಾರದೇನವ್ವಾ?" ಎಂದೆನು. "ಇನ್ನೆಂಟು ದಿನಕ್ಕೆ ಮತ್ತೆ ಕಟ್ಟಬೇಕಲ್ಲಪ್ಪಾ" ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ನನಗೆ ಅದು ಹೆಚ್ಚು ತಾಗಿತು. ನನ್ನನ್ನು ಹೆತ್ತವಳು ನನ್ನ ಮನೆಯಲ್ಲಿ ಅತಿಥಿಯಾಗಿದ್ದಳು.

ನಾವು ತರಗತಿಯಲ್ಲಿ ಶ್ರವಣಕುಮಾರನ ಕತೆಯನ್ನು ಹೇಳುತ್ತೇವೆ. ಆ ಕತೆಯಲ್ಲಿ ಅಣ್ಣತಮ್ಮಂದಿರ ಮಾತು ಬಾರದು, ಹೆಂಡತಿಯ ಮಾತು ಬಾರದು. ಕಾವಡಿಯನ್ನು ಹೊತ್ತವನು ಮಗನೇ. ನಮ್ಮ ಮನೆಗಳಲ್ಲಿಯಾದರೋ ಕಾವಡಿಯನ್ನು ಹೊರುವವಳು ಸೊಸೆ, ಶ್ರವಣನೆಂಬ ಹೆಸರು ಮಗನಿಗೆ. ಹಾಸಿಗೆ ಹಿಡಿದ ಅತ್ತೆಯ ಬಟ್ಟೆಯನ್ನು ಒಗೆಯುವವಳು ಒಂದು ದಿನ ಬೇಸರಪಟ್ಟರೆ ಊರೆಲ್ಲ ಆಕೆಯನ್ನೇ ನಿಂದಿಸುವುದು. ಗಂಡಸೇ, ನಿನ್ನ ತಾಯಿಗೆ ನೀನು ಒಂದು ದಿನವಾದರೂ ಗಂಜಿ ಕಾಯಿಸಿ ಕೊಟ್ಟೆಯಾ? ಹೆಣ್ಣುಮಕ್ಕಳ ವಿಷಯವೂ ಹೀಗೆಯೇ. ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಾನ ಹಕ್ಕೆಂದು 2005ರ ತಿದ್ದುಪಡಿ ಹೇಳಿತು. ಆಂಧ್ರಪ್ರದೇಶವು 1985ರಲ್ಲಿಯೇ ಆ ದಾರಿಯಲ್ಲಿ ಹೆಜ್ಜೆಯಿಟ್ಟಿತ್ತು. ಪಾಲು ಕೊಡುವಾಗ "ಕೊಟ್ಟ ಹೆಣ್ಣು" ಎಂದು ದೂರವಿಟ್ಟು, ಸೇವೆಗೆ ಮಾತ್ರ ಕರೆಯುವುದು ಯಾವ ಧರ್ಮ?

ಇನ್ನು ಕಾನೂನಿನ ಮಾತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಒಂದು ಕಾಯಿದೆಯಾಯಿತು. ಸ್ವಂತ ಸಂಪಾದನೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾರದ ತಂದೆತಾಯಿಗಳು ಮಕ್ಕಳಿಂದ, ವಯಸ್ಸಿಗೆ ಬಂದ ಮೊಮ್ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. ಕಾಯಿದೆಯು ತಿಂಗಳಿಗೆ 10,000 ರೂಪಾಯಿಯವರೆಗೆ ಮಿತಿಯಿಟ್ಟಿದೆ. ನ್ಯಾಯಮಂಡಲಿಯು ಸಾಮಾನ್ಯವಾಗಿ 90 ದಿನಗಳಲ್ಲಿ ತೀರ್ಮಾನಿಸಬೇಕು. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿಯನ್ನು ಬರೆಸಿಕೊಂಡವನು ಮಾತು ತಪ್ಪಿದರೆ ಆ ಪತ್ರವನ್ನು ರದ್ದುಮಾಡಿಸಬಹುದು. ಆದುದರಿಂದ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ಕ್ಷೇಮ. ಕೈಲಾಗದ ಮುದುಕರ ಪರವಾಗಿ ಅವರಿಂದ ಅಧಿಕಾರ ಪಡೆದ ಬೇರೆಯವರೂ ಅರ್ಜಿ ಕೊಡಬಹುದು.

ಆದರೆ ನಮ್ಮ ಅಜ್ಜಿಯರಿಗೆ ಬರುವುದು ಕನ್ನಡ, ಕಚೇರಿಯಲ್ಲಿ ನಡೆಯುವುದು ತೆಲುಗು. ಎರಡೂ ಬಲ್ಲ ನಾವು ಆ ಅರ್ಜಿಯನ್ನು ಬರೆದುಕೊಡದಿದ್ದರೆ ನಮ್ಮ ಎರಡು ಭಾಷೆಗಳ ವಿದ್ಯೆ ಯಾರಿಗೆ? ಕನ್ನಡವನ್ನು ಉಳಿಸಿರೆಂದು ನವೆಂಬರಿನಲ್ಲಿ ಭಾಷಣ ಮಾಡುವ ನಾವು, ನಮಗೆ ಕನ್ನಡವನ್ನು ಕೊಟ್ಟ ನಾಲಗೆಗಳೊಡನೆ ವರ್ಷದಲ್ಲಿ ಎಷ್ಟು ಹೊತ್ತು ಮಾತನಾಡಿದ್ದೇವೆ?

ಗಡಿಯವರಾದ ನಮಗೆ ಹಂಚಿಕೆಯ ಅರ್ಥವನ್ನು ಹೊಸದಾಗಿ ಹೇಳಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. 1956ರ ಪುನರ್ವಿಂಗಡಣೆಯಲ್ಲಿಯೂ ಮಡಕಶಿರ ಇತ್ತಲೇ ಉಳಿಯಿತು. 2022ರಲ್ಲಿ ಅದನ್ನು ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ನಮ್ಮನ್ನು ಕೇಳದೆ ಹಂಚಿದರೆಂದು ಇಂದಿಗೂ ದೂರುತ್ತೇವೆ. ಹಾಗಾದರೆ ಹೆತ್ತವರನ್ನು ಕೇಳದೆ ಹಂಚುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ನಾನು ಹೇಳುವುದು ಇಷ್ಟೆ. ಮೊದಲು ಹೆತ್ತವರನ್ನು ಕೇಳಿರಿ: "ಎಲ್ಲಿರಲು ನಿಮಗೆ ಇಷ್ಟ?" ಅವರು ಹೇಳಿದ ಮನೆಯಲ್ಲಿ ಅವರು ಕೂಡಿ ನೆಲಸಲಿ. ಉಳಿದ ಮಕ್ಕಳು ಹಣವನ್ನೂ ಸಮಯವನ್ನೂ ಆ ಮನೆಗೆ ತರಲಿ. ಪಾಳಿ ಬೇಕೇಬೇಕೆಂದಾದರೆ ಅದು ಮಕ್ಕಳಿಗಿರಲಿ. ಸರದಿಯ ಮೇಲೆ ಗಂಟು ಕಟ್ಟಿಕೊಂಡು ಬರಬೇಕಾದವರು ನಾವು, ಎಪ್ಪತ್ತು ದಾಟಿದವರಲ್ಲ. ಅವ್ವ ಈಗ ಅಣ್ಣನ ಮನೆಯಲ್ಲಿ, ತಾನು ಆರಿಸಿಕೊಂಡ ಕೋಣೆಯಲ್ಲಿದ್ದಾಳೆ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗುತ್ತೇನೆ. ಆಕೆಯ ಸೀರೆಗಳು ಪೆಟ್ಟಿಗೆಯಲ್ಲಿವೆ.

ಅಂದು ಪ್ರಶ್ನೆ ಕೇಳಿದ ಮಗುವೇ, ನಿನ್ನ ಲೆಕ್ಕ ಸರಿಯಾಗಿತ್ತು. 31ನ್ನು 2ರಿಂದ ಭಾಗಿಸಿದರೆ ಒಂದು ಶೇಷ ಉಳಿಯಲೇಬೇಕು. ತಪ್ಪಿದವರು ನಿನ್ನ ಅಜ್ಜಿಯನ್ನು ಭಾಗಾಕಾರದ ಲೆಕ್ಕಕ್ಕೆ ತಂದ ದೊಡ್ಡವರು. ಅವರಲ್ಲಿ ನಿನ್ನ ಮೇಷ್ಟರೂ ಒಬ್ಬನಾಗಿದ್ದನು.